ಏನ್ ಬರಬೇಕಿತ್ತು, ಏನ್ ಬಂತು?

ಪುಣೆಯ ಕೊತ್ರೂಡ್‌ನಲ್ಲಿ ನಾವೊಂದಿಷ್ಟು ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡುತ್ತೇವೆ. ಒಂದು ವರ್ಷ ಹೆಸರಿನ ಬ್ಯಾಡ್ಜ್ ಮಾಡುವ ಕೆಲಸ ನನಗೆ ಬಂತು. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. ಹೆಸರು ಬ್ಯಾಡ್ಜ್ ದಾಟಬಾರದು ಅಂತ 12 ಅಕ್ಷರಕ್ಕೆ ಕತ್ತರಿಸಿದೆ. ‘ಲಕ್ಷ್ಮೀನಾರಾಯಣ’ ಹೋಗಿ ‘ಲಕ್ಷ್ಮೀನಾರಾಯ’ ಆಗಿಬಿಟ್ಟಿತು! ಬೆರಳು ಮಡಚಿ ಎಣಿಸಿದರೂ ಆರೇ ಅಕ್ಷರ ಅಲ್ವಾ?

ಗೊತ್ತಿದ್ದವರಿಗೆಲ್ಲ ಸ್ಕ್ರೀನಿನ ಫೋಟೋ ಕಳಿಸಿ, ‘ಪ್ರೋಗ್ರಾಂ ಓಡ್ತಿಲ್ಲ, ಸಹಾಯ ಮಾಡಿ’ ಅಂತ ಬರೆದೆ. ಎರಡು ದಿನ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಧಾರವಾಡ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. “ತಮ್ಮಾ, ಏನ್ ಬರಬೇಕಿತ್ತು, ಏನ್ ಬಂತು, ಅಷ್ಟ ಹೇಳು. ಉಳಿದದ್ದೆಲ್ಲಾ ತಗದ್ ಹಾಕು.”

300 ಸಾಲಿನ ಪ್ರೋಗ್ರಾಂ ಅದು. ಒಂದೊಂದೇ ತೆಗೆಯುತ್ತಾ ಬಂದೆ. ಕೊನೆಗೆ ಉಳಿದದ್ದು ಎರಡೇ ಸಾಲು: ಒಂದು ಹೆಸರು, ಅದರ ಉದ್ದ ಎಷ್ಟು ಅಂತ ಕೇಳುವ ‘ಲೆನ್’. ಉತ್ತರ 13! ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ವಿರಾಮ (ಒತ್ತಕ್ಷರ ಕೂಡಿಸುವ ‘್’ ಗುರುತು), ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಕ್ಷ್ಮೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಪೈಥಾನ್‌ಗೆ ಕ, ವಿರಾಮ, ಷ, ವಿರಾಮ, ಮ, ಈ-ಗುಣಿತ ಸೇರಿ ಆರು. ಅಕ್ಷರ ಎಣಿಸೋದನ್ನೇ ಬಿಟ್ಟೆ. ಹೆಸರಿನ ಅಗಲ ಅಳೆದು, ಜಾಸ್ತಿಯಾದರೆ ಫಾಂಟ್ ಚಿಕ್ಕದಾಗುವ ಹಾಗೆ ಮಾಡಿದೆ. ನಾನು ಫೋಟೋ ಕಳಿಸಿದ್ದವರಿಗೆಲ್ಲ ಪರಿಹಾರವನ್ನೂ ಬರೆದು ಕಳಿಸಿದೆ. ಕೇಳಿ ಸುಮ್ನೆ ಮಾಯವಾಗುವುದು ನನಗೆ ಸರಿ ಕಾಣುವುದಿಲ್ಲ.

ಈಗ ನನ್ನ ಹತ್ತಿರವೂ ಕೇಳಿಕೊಂಡು ಬರುತ್ತಾರೆ. ಹೋದ ತಿಂಗಳು ಚಿಂಚವಡದಿಂದ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತಂದಳು. ಕೀಬೋರ್ಡ್ ಅವಳ ಮುಂದೆಯೇ ಇರಲಿ ಅಂದೆ. ನಾನು ಟೈಪ್ ಮಾಡಿಕೊಟ್ಟರೆ ಕಲಿಯುವುದು ನಾನೇ ಹೊರತು ಅವಳಲ್ಲ.

“ಎರರ್‌ನ ಕೊನೇ ಸಾಲು ಜೋರಾಗಿ ಓದಮ್ಮ.”

“ಕೀ ಎರರ್, ‘ಊರು’. ಅಂದ್ರೆ ಆ ಹೆಸರು ಸಿಗ್ತಿಲ್ಲ ಅಂತ. ಆದ್ರೆ ಆ ಕಾಲಂ ಇದೆಯಲ್ಲ ಅಣ್ಣಾ, ಎಕ್ಸೆಲ್‌ನಲ್ಲಿ ಕಾಣ್ತಿದೆ.”

“ನಿನಗೆ ಕಾಣ್ತಿದೆ. ಪ್ರೋಗ್ರಾಂಗೆ ಏನು ಕಾಣ್ತಿದೆ, ಪ್ರಿಂಟ್ ಮಾಡಿ ನೋಡು.”

ಕಾಲಂಗಳ ಹೆಸರು ಸಾಲಾಗಿ ಬಂದವು. ಅವಳು ಪರದೆಗೆ ಮುಖ ಹತ್ತಿರ ತಂದಳು. ‘ಊರು’ ಆದಮೇಲೆ, ಉದ್ಧರಣ ಚಿಹ್ನೆಗೆ ಮುಂಚೆ, ಒಂದು ಖಾಲಿ ಜಾಗ. ಅದರ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು. ನಾನಿನ್ನೂ ಏನೂ ಹೇಳಿರಲಿಲ್ಲ.