ಕೌಂಟಿ ಆಡಿಟರ್ ಪರವಾಗಿ ಬೋರ್ಡಿನಲ್ಲಿ ಕೂರುವ ಕೆಲಸ

ಅಮೆರಿಕದ ಓಹಿಯೋ ರಾಜ್ಯದ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಭಾಗದಲ್ಲಿ, ಆಡಿಟರ್ ಕಚೇರಿಯಲ್ಲಿ ನಾನು ಡೆಪ್ಯುಟಿ. ಹೀಗಂದರೆ ಊರಲ್ಲಿ ಎಲ್ಲರೂ ನಾನು ಯಾರದೋ ಲೆಕ್ಕ ತಪಾಸಣೆಗೆ ಹೋಗುತ್ತೇನೆ ಅಂದುಕೊಳ್ಳುತ್ತಾರೆ. ಇಲ್ಲಿ ಆ ಕೆಲಸ ರಾಜ್ಯ ಆಡಿಟರ್ ಕಚೇರಿಯದು. ಕೌಂಟಿ ಆಡಿಟರ್ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ಗೆದ್ದು ಬರುವವರು. ಕೌಂಟಿಯ ಬಿಲ್ಲು ಪಾವತಿಯಾಗಬೇಕಾದರೆ ಅವರ ವಾರಂಟ್, ಅಂದರೆ ಹಣ ಕೊಡಿ ಎಂಬ ಆದೇಶ, ಬೇಕು. ಪ್ರತಿ ಮನೆ, ಹೊಲ, ಅಂಗಡಿಗೆ ತೆರಿಗೆಗಾಗಿ ಬೆಲೆ ಕಟ್ಟುವವರೂ ಅವರೇ. ಪೆಟ್ರೋಲ್ ಬಂಕಿನ ಪಂಪು ಸರಿಯಾಗಿ ಅಳೆಯುತ್ತಿದೆಯಾ ಎಂದು ನೋಡುವುದು, ನಾಯಿಗೆ ಲೈಸೆನ್ಸ್ ಕೊಡುವುದು ಕೂಡ ಇದೇ ಕಚೇರಿ.

ಇಷ್ಟು ಸಾಲದು ಅಂತ ಕಾನೂನು ಅವರಿಗೆ ಹಲವು ಸಮಿತಿಗಳಲ್ಲಿ ಜಾಗ ಕೊಟ್ಟಿದೆ. ಹಳೇ ಕಡತ ಎಷ್ಟು ವರ್ಷ ಇಡಬೇಕು ಎಂದು ತೀರ್ಮಾನಿಸುವ ರೆಕಾರ್ಡ್ಸ್ ಕಮಿಷನ್, ಕೌಂಟಿಯ ಕಂಪ್ಯೂಟರ್ ವ್ಯವಸ್ಥೆ ನೋಡುವ ಬೋರ್ಡು, ಕಂಪನಿಗಳಿಗೆ ಕೊಟ್ಟ ತೆರಿಗೆ ರಿಯಾಯಿತಿಯನ್ನು ವರ್ಷವರ್ಷ ಪರಿಶೀಲಿಸುವ ಕೌನ್ಸಿಲ್, ಹೀಗೆ. ಆದರೆ ಜನರ ಜೇಬಿಗೆ ನೇರವಾಗಿ ತಟ್ಟುವುದು ಎರಡು: ಕಟ್ಟಿದ ಬೆಲೆಯ ಮೇಲಿನ ದೂರು ಕೇಳುವ ಬೋರ್ಡ್ ಆಫ್ ರಿವಿಷನ್ ಮತ್ತು ಸ್ಥಳೀಯ ಸಂಸ್ಥೆಗಳ ಬಜೆಟ್ ನೋಡುವ ಬಜೆಟ್ ಕಮಿಷನ್.

ಬೋರ್ಡ್ ಆಫ್ ರಿವಿಷನ್‌ನಲ್ಲಿ ಮೂವರು. ಆಡಿಟರ್, ಟ್ರೆಜರರ್, ಮತ್ತು ಕೌಂಟಿ ಕಮಿಷನರ್‌ಗಳಲ್ಲಿ ಒಬ್ಬರು. ತಮ್ಮ ಬದಲು ಕಚೇರಿಯ ಅರ್ಹ ನೌಕರರನ್ನು ಕಳಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಆಡಿಟರ್ ಕುರ್ಚಿಯಲ್ಲಿ ಕೂರುವವಳು ನಾನು. ನಮ್ಮ ಕಚೇರಿ ಕಟ್ಟಿದ ಬೆಲೆ ತಪ್ಪು ಎಂದು ಬಂದವರ ಮಾತನ್ನು ನಮ್ಮದೇ ಕಚೇರಿಯವಳು ಕೇಳಬೇಕು! ಬಂದವರಿಗೆ ಅನುಮಾನ ಬರುವುದು ಸಹಜ ಅಲ್ವಾ? ಅದಕ್ಕೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮೊದಲು ಮಾಲೀಕರ ಅರ್ಜಿ ಪೂರ್ತಿ ಓದುತ್ತೇನೆ, ಅವರ ಪುರಾವೆ ನೋಡುತ್ತೇನೆ. ಆ ಆಸ್ತಿಯ ವಿವರ, ಬೆಲೆ ಬರೆದಿಟ್ಟ ನಮ್ಮ ಪ್ರಾಪರ್ಟಿ ಕಾರ್ಡ್ ತೆರೆಯುವುದು ಆಮೇಲೆ. ಮೊದಲೇ ನಮ್ಮ ಅಂಕಿ ಕಣ್ಣಿಗೆ ಬಿದ್ದರೆ ಮನಸ್ಸು ಅಲ್ಲೇ ಕಚ್ಚಿಕೊಳ್ಳುತ್ತದೆ.

ಓಹಿಯೋದಲ್ಲಿ ಆರು ವರ್ಷಕ್ಕೊಮ್ಮೆ ಪೂರ್ತಿ ಮರುಮೌಲ್ಯಮಾಪನ, ನಡುವೆ ಮೂರನೇ ವರ್ಷ ಒಂದು ಪರಿಷ್ಕರಣೆ. ಆ ವರ್ಷಗಳ ಬೆಲೆಯ ಮೇಲೆ ಅರ್ಜಿಗಳು ರಾಶಿ ಬೀಳುತ್ತವೆ. ಕೊನೆಯ ದಿನ ಮರುವರ್ಷದ ಮಾರ್ಚ್ 31. ವಿಚಾರಣೆಗೆ ಬಂದವರಲ್ಲಿ ತುಂಬಾ ಜನ ಶುರು ಮಾಡುವುದೇ "ತೆರಿಗೆ ಜಾಸ್ತಿಯಾಯ್ತು" ಎಂದು. ಅವರ ಕಷ್ಟ ನಿಜ. ಆದರೆ ತೆರಿಗೆಯ ದರ ಬದಲಿಸುವ ಅಧಿಕಾರ ನಮ್ಮ ಮೂವರಿಗೂ ಇಲ್ಲ. ಬೆಲೆ ಕಟ್ಟಿದ ವರ್ಷದ ಜನವರಿ 1ರಂದು ಈ ಮನೆ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು? ನಾವು ಉತ್ತರ ಕೊಡಬಹುದಾದ ಪ್ರಶ್ನೆ ಇದೊಂದೇ. ಪಕ್ಕದ ಮನೆಗೆ ಕೌಂಟಿ ಎಷ್ಟು ಬೆಲೆ ಕಟ್ಟಿದೆ ಎಂಬುದು ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಪಕ್ಕದ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದು ಬರುತ್ತದೆ. ವೆಬ್‌ಸೈಟಿನ ಅಂದಾಜಿನ ಪ್ರಿಂಟ್‌ಔಟ್ ಸುಮ್ನೆ ಕಾಗದ. ನೀವೇ ಇತ್ತೀಚೆಗೆ ಆ ಮನೆ ಕೊಂಡಿದ್ದರೆ, ಅದೂ ಸಂಬಂಧಿಕರಿಂದ ಅಲ್ಲದೆ ಮುಕ್ತ ಮಾರುಕಟ್ಟೆಯಲ್ಲಿ, ಆ ಕ್ರಯದ ಕಾಗದದಷ್ಟು ಗಟ್ಟಿ ಪುರಾವೆ ಬೇರೆ ಕಡಿಮೆ.

ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು, ವಕೀಲರಿಲ್ಲದೆ. ಬೇಸ್‌ಮೆಂಟ್ ಗೋಡೆ ಒಳಕ್ಕೆ ಬಾಗಿ ಬಿರುಕು ಬಿಟ್ಟಿತ್ತು. ಬಿರುಕಿನ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆದಿದ್ದರು. ನೀರು ನಿಂತ ಗುರುತು ಗೋಡೆಯ ಬುಡದಲ್ಲಿ ಸ್ಪಷ್ಟವಾಗಿತ್ತು. ಇಬ್ಬರು ಕಂಟ್ರಾಕ್ಟರ್‌ಗಳ ಲಿಖಿತ ಅಂದಾಜು ಬೇರೆ. ನಾನು ಕೇಳಿದ ಮುಖ್ಯ ಪ್ರಶ್ನೆ, ಫೋಟೋ ಯಾವಾಗಿನದು? ಆ ಜನವರಿಗೆ ಹಿಂದಿನ ನವೆಂಬರ್‌ನದು. ಅಂದರೆ ಜನವರಿ 1ಕ್ಕೆ ಮೊದಲೇ ಬಿರುಕಿತ್ತು. ನಮ್ಮ ಕಾರ್ಡಿನಲ್ಲಿ ಮನೆಯ ಸ್ಥಿತಿ 'ಸಾಧಾರಣ' ಎಂದಿತ್ತು. ನಮ್ಮವರು ರಸ್ತೆಯಿಂದ ನೋಡಿ ಬರೆದದ್ದು, ಬೇಸ್‌ಮೆಂಟ್ ಅವರಿಗೆ ಎಲ್ಲಿ ಕಾಣಬೇಕು? ಸ್ಥಿತಿಯನ್ನು ಒಂದು ಮೆಟ್ಟಿಲು ಇಳಿಸಿದೆವು, ಬೆಲೆ ಇಳಿಯಿತು. ರಿಪೇರಿ ಖರ್ಚನ್ನು ಡಾಲರಿಗೆ ಡಾಲರ್ ಕಳೆಯಲಿಲ್ಲ, ಏಕೆಂದರೆ ಕೊಳ್ಳುವವರು ಮಾರುಕಟ್ಟೆಯಲ್ಲಿ ಹಾಗೆ ಲೆಕ್ಕ ಹಾಕುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಜ್ಯದ ಬೋರ್ಡ್ ಆಫ್ ಟ್ಯಾಕ್ಸ್ ಅಪೀಲ್ಸ್‌ಗೆ ಹೋಗಬಹುದು ಎಂಬುದನ್ನೂ ಹೇಳಿದೆ. ಇದನ್ನು ಪತ್ರದಲ್ಲಿ ಬರೆದರಷ್ಟೇ ಸಾಲದು, ಬಾಯಲ್ಲೂ ಹೇಳಬೇಕು ಎಂಬುದು ನನ್ನ ಹಟ.

ಇಲ್ಲಿನ ಕನ್ನಡದವರು ಮನೆ ಕೊಂಡಮೇಲೆ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಬೋರ್ಡಲ್ಲಿ ನೀವೇ ಇರ್ತೀರಂತೆ, ಸ್ವಲ್ಪ ನೋಡಿ" ಎಂದು ಒಬ್ಬ ಹುಡುಗ ಕೇಳಿದ. "ನಿನ್ನ ಫೈಲು ಬಂದ ದಿನ ನಾನು ಆ ಕೋಣೆಯಲ್ಲೇ ಇರಲ್ಲಪ್ಪ" ಎಂದೆ. ಯಾವ ಫಾರಂ, ಯಾವ ತಾರೀಖು, ಇಷ್ಟು ಯಾರು ಕೇಳಿದರೂ ಹೇಳುತ್ತೇನೆ. ಅವನ ಸರದಿ ಬಂದಾಗ ಎದ್ದು ಹೋದೆ, ಬೇರೊಬ್ಬರು ಕೂತರು. ಅವನಿಗೆ ಬೇಸರವಾಯಿತೋ ಏನೋ. ಆದರೆ ಟೇಬಲ್ಲಿನ ಆಚೆ ಕೂತ ಉಳಿದವರಿಗೆ ಈ ಬೋರ್ಡಿನ ಮೇಲೆ ನಂಬಿಕೆ ಉಳಿಯುವುದು ಇಂಥದ್ದರಿಂದಲೇ.

ಬಜೆಟ್ ಕಮಿಷನ್‌ನಲ್ಲಿ ಆಡಿಟರ್, ಟ್ರೆಜರರ್, ಮತ್ತು ಕೌಂಟಿಯ ಸರ್ಕಾರಿ ವಕೀಲರಾದ ಪ್ರಾಸಿಕ್ಯೂಟಿಂಗ್ ಅಟಾರ್ನಿ. ಆಡಿಟರೇ ಕಾರ್ಯದರ್ಶಿ, ಹಾಗಾಗಿ ಕಾಗದದ ಕೆಲಸವೆಲ್ಲ ನಮ್ಮ ಕಚೇರಿಯ ತಲೆಗೆ. ಶಾಲಾ ಜಿಲ್ಲೆ, ಟೌನ್‌ಶಿಪ್ (ಕೌಂಟಿಯೊಳಗಿನ ಚಿಕ್ಕ ಸ್ಥಳೀಯ ಆಡಳಿತ), ಹಳ್ಳಿ, ಲೈಬ್ರರಿ ಎಲ್ಲರ ಬಜೆಟ್ಟೂ ಇಲ್ಲಿ ಹಾದು ಹೋಗಬೇಕು. ಬೆಲೆಗೂ ತೆರಿಗೆಗೂ ಇರುವ ನಿಜವಾದ ನಂಟು ಇಲ್ಲಿ ಗೊತ್ತಾಗುತ್ತದೆ. ಎರಡು ಲಕ್ಷ ಡಾಲರ್ ಮನೆಗೆ ತೆರಿಗೆ ಬೀಳುವುದು ಅದರ 35 ಶೇಕಡಾದ ಮೇಲೆ, ಅಂದರೆ 70,000 ಡಾಲರ್ ಮೇಲೆ. ಸಾವಿರ ಡಾಲರಿಗೆ ಒಂದು ಡಾಲರ್ ದರಕ್ಕೆ ಒಂದು ಮಿಲ್. ಮತದಾರರ ಒಪ್ಪಿಗೆ ಇಲ್ಲದೆ ಹಾಕಬಹುದಾದದ್ದು ಒಟ್ಟು ಹತ್ತು ಮಿಲ್ ಮಾತ್ರ. ಮತ ಹಾಕಿಸಿ ಪಡೆದ ಲೆವಿಗಳ, ಅಂದರೆ ಹೆಚ್ಚುವರಿ ತೆರಿಗೆಗಳ, ಮೇಲೆ 1976ರ ಹೌಸ್ ಬಿಲ್ 920 ಎಂಬ ರಾಜ್ಯ ಕಾನೂನಿನ ಹಿಡಿತವಿದೆ. ಊರಿನ ಆಸ್ತಿಗಳ ಬೆಲೆ ಏರಿದರೆ ಅವುಗಳ ದರ ಇಳಿಯುತ್ತದೆ, ಇದ್ದ ಆಸ್ತಿಗಳಿಂದ ಬರುವ ಹಣ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮನೆ ಬೆಲೆ 30 ಶೇಕಡಾ ಏರಿತು ಅಂದರೆ ತೆರಿಗೆಯೂ ಅಷ್ಟೇ ಏರುತ್ತದೆ ಎಂದು ನಿದ್ದೆಗೆಡುವವರಿಗೆ ನಾನು ಇದನ್ನೇ ಮೊದಲು ವಿವರಿಸುತ್ತೇನೆ.

ಟೌನ್‌ಶಿಪ್‌ಗಳ ಜೊತೆಗಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಚಿಕ್ಕ ಟೌನ್‌ಶಿಪ್‌ನವರಿಗೆ ಹಳೇ ಫೈರ್ ಎಂಜಿನ್ ಬದಲಿಸಬೇಕಿತ್ತು. ಅನುದಾನ ಬರುತ್ತದೆಂದು ಬಾಯಿಮಾತಿನ ಭರವಸೆ ಸಿಕ್ಕಿತ್ತು, ಅವರು ಅದನ್ನು ಸೇರಿಸಿ ಖರ್ಚಿನ ಪಟ್ಟಿ ಮಾಡಿ ತಂದರು. ನಾವು ಪ್ರಮಾಣೀಕರಿಸಿದ ಅಂದಾಜು ಸಂಪನ್ಮೂಲಕ್ಕಿಂತ ಖರ್ಚಿನ ಪಟ್ಟಿ ಮೇಲೆ ಹೋಗುವಂತಿಲ್ಲ. ಹೋಗಿಲ್ಲ ಎಂದು ಆಡಿಟರ್ ಸರ್ಟಿಫಿಕೇಟ್ ಕೊಡುವವರೆಗೆ ಆ ಪಟ್ಟಿ ಜಾರಿಗೂ ಬರುವುದಿಲ್ಲ. ಅವರ ಲೆಕ್ಕ ನೋಡಿಕೊಳ್ಳುವವರ ಜೊತೆ ಕೂತು ಒಂದೊಂದೇ ಸಾಲು ನೋಡಿದೆ: ಜನವರಿ 1ರ ಉಳಿಕೆ, ಫೈರ್ ಲೆವಿಯಿಂದ ಬರುವುದು, ಆಗಲೇ ಬೇರೆ ಬಿಲ್ಲಿಗೆ ಕಟ್ಟಿಟ್ಟದ್ದು. ಅನುದಾನದ ಸಾಲನ್ನು ಹೊಡೆದು ಹಾಕಿದೆವು. ಮಂಜೂರಾತಿ ಪತ್ರ ಲಿಖಿತವಾಗಿ ಬಂದ ವಾರ ಕಮಿಷನ್ ತಿದ್ದುಪಡಿ ಸರ್ಟಿಫಿಕೇಟ್ ಕೊಟ್ಟಿತು. ಟೌನ್‌ಶಿಪ್ ನಡೆಸುವ ಟ್ರಸ್ಟಿಗಳು ಹೊಸ ಪಟ್ಟಿ ಪಾಸು ಮಾಡಿದರು, ನಾವು ಸಹಿ ಹಾಕಿದೆವು, ಎಂಜಿನ್‌ಗೆ ಆರ್ಡರ್ ಹೋಯಿತು.