ಪಾಪ್-ಅಪ್ ಪುಸ್ತಕ: ಪುಟ ಬಿಡಿಸುವ ಮುನ್ನ ತುಸು ತಡೆಯಿರಿ

ಮೂರು-ನಾಲ್ಕು ವರ್ಷದ ಮಕ್ಕಳಿಗೆ ಪಾಪ್-ಅಪ್ ಪುಸ್ತಕ (ಪುಟ ತೆರೆದಾಗ ಕಾಗದದ ಚಿತ್ರ ಎದ್ದು ನಿಲ್ಲುವ ಪುಸ್ತಕ) ತೋರಿಸುವಾಗ ಪುಟವನ್ನು ಒಮ್ಮೆಲೇ ಬಿಡಿಸದೆ, ಎರಡು ಬೆರಳಿನಷ್ಟು ಮಾತ್ರ ತೆರೆದು, "ಒಳಗಿನಿಂದ ಏನು ಏಳಬಹುದು?" ಎಂದು ಕೇಳಿ, ಮಗು ಉತ್ತರಿಸುವವರೆಗೆ ಕಾಯಿರಿ. ಬಳಿಕ ಪೂರ್ತಿ ತೆರೆದಾಗ ಮಲ್ಪೆ ಬಂದರಿನಲ್ಲಿ ಕಂಡಂತಹ ದೋಣಿಯೊಂದು ಎದ್ದು ನಿಂತರೆ, ಪುಟವನ್ನು ನಿಧಾನವಾಗಿ ಮುಚ್ಚುತ್ತಾ, ಯಾವ ಕಾಗದದ ಪಟ್ಟಿ ಅದನ್ನು ಎಳೆದು ಮಲಗಿಸುತ್ತದೆ ಎಂಬುದನ್ನು ಪಕ್ಕದಿಂದ ತೋರಿಸಿ. ಊಹಿಸುವಾಗ ಮಗು ಹಿಂದೆ ನೋಡಿದ್ದನ್ನು ನೆನಪಿಗೆ ತಂದುಕೊಳ್ಳುತ್ತದೆ, ಮಡಿಕೆಯನ್ನು ಗಮನಿಸುವಾಗ ಕಾರಣ ಮತ್ತು ಪರಿಣಾಮದ ನಂಟು ಅದರ ಕಣ್ಣಿಗೇ ಕಾಣುತ್ತದೆ. ಆದರೆ ಹೊಸ ಅಕ್ಷರ, ಹೊಸ ಹೆಸರು ಕಲಿಸಲು ಇದು ಅಷ್ಟಾಗಿ ಒದಗದು. ಏಳುವ ಚಿತ್ರವೇ ಗಮನವನ್ನೆಲ್ಲ ಸೆಳೆಯುವುದರಿಂದ ಅದಕ್ಕೆ ಸಾದಾ ಚಿತ್ರಪುಸ್ತಕವೇ ಮೇಲು. ನಮ್ಮ ತುಳುನಾಡಿನ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಕಾಗದ ಮೆತ್ತಗಾಗಿ ಅಂಟು ಬಿಡುತ್ತದೆ, ಆದ್ದರಿಂದ ಪುಸ್ತಕವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.