ಒಂದೇ ತೂಬು, ಒಂದೇ ಸಂಜೆ: ಗದ್ದೆ ಇಲಿ ಹತೋಟಿಗೆ ಬಂದದ್ದು ಹೀಗೆ

ನಮ್ಮ ಗದ್ದೆ ಇರುವುದು ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಇಲ್ಲಿ ಎರಡು ಬೆಳೆ ಭತ್ತ. ಹಾಗಾಗಿ ಇಲಿಗೂ ವರ್ಷದ ಬಹುಪಾಲು ಹೊಟ್ಟೆ ತುಂಬ ಮೇವು. ಮೊದಲು ನಾವೆಲ್ಲ ತೆಂಡೆ (ಭತ್ತದ ಬುಡದಿಂದ ಒಡೆಯುವ ಕವಲು) ಕತ್ತರಿಸಿ ಬಿದ್ದಿದ್ದು ಕಂಡ ಮೇಲೆ ಅವರವರ ಗದ್ದೆಗೆ ಪಾಷಾಣ ಇಡುತ್ತಿದ್ದೆವು. ಒಂದು ವಾರ ತಣ್ಣಗಿರುತ್ತಿತ್ತು. ಆಮೇಲೆ ಪಕ್ಕದ ಗದ್ದೆಯ ಇಲಿ ಬಂದು ಖಾಲಿ ಬಿಲ ಸೇರಿಕೊಳ್ಳುತ್ತಿತ್ತು.

ಅದಕ್ಕೇ ಒಂದೇ ತೂಬಿನ (ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿ) ನೀರು ಕುಡಿಯುವ ಗದ್ದೆಯವರೆಲ್ಲ ಸೇರಿದೆವು. ಒಪ್ಪಿಸುವುದು ಸುಲಭವಿರಲಿಲ್ಲ. ಗುತ್ತಿಗೆಗೆ ಮಾಡುವವರು "ಮುಂದಿನ ವರ್ಷ ಈ ಹೊಲ ನಮಗೇ ಇರುತ್ತೋ ಇಲ್ವೋ" ಅಂದರು. ನ್ಯಾಯದ ಮಾತೇ ಅಲ್ವಾ? ಅವರ ಪಾಲಿನ ಖರ್ಚನ್ನು ಹೊಲದ ಒಡೆಯರಿಂದ ಕೊಡಿಸಿದೆವು.

ಹೊತ್ತು ನೋಡಿ ಮಾಡುವುದೇ ಇದರಲ್ಲಿ ಮುಖ್ಯ. ಪೈರು ಹೊಡೆ ಕಟ್ಟುವಾಗ, ಅಂದರೆ ತೆನೆ ಇನ್ನೂ ಕಾಂಡದೊಳಗೆ ಇರುವಾಗ, ಹೆಣ್ಣಿಲಿ ಗಬ್ಬ ಕಟ್ಟುತ್ತದೆ. ಮೂರು ವಾರಕ್ಕೆಲ್ಲ ಒಂದು ಬಿಲದಲ್ಲಿ ಆರೋ ಎಂಟೋ ಮರಿ. ಅಷ್ಟೊತ್ತಿಗೆ ಏನು ಮಾಡಿದರೂ ತಡವೇ. ನಾವು ಈಗ ನಾಟಿಗೆ ಮುಂಚೆ ಒಮ್ಮೆ, ನಾಟಿಯಾದ ತಿಂಗಳೊಳಗೆ ಇನ್ನೊಮ್ಮೆ ಮಾಡುತ್ತೇವೆ. ನಾಟಿಯೂ ಹದಿನೈದು ದಿನದೊಳಗೆ ಎಲ್ಲರದ್ದೂ ಮುಗಿಯಬೇಕು. ಒಬ್ಬರದು ಹಿಂದೆ ಬಿದ್ದರೆ ಇಲಿಗಳೆಲ್ಲ ಕೊನೆಗೆ ಅಲ್ಲಿಗೇ ನುಗ್ಗುತ್ತವೆ.

ಮೊದಲು ಬದು ಕೆತ್ತಿದೆವು. ಬದು ಒಂದು ಅಡಿಗಿಂತ ದಪ್ಪ ಇದ್ದರೆ ಇಲಿಗೆ ಬಿಲ ತೋಡಲು ಅನುಕೂಲ. ಒಂದು ದಪ್ಪ ಬದು ಅಗೆದಾಗ ಒಳಗೆ ಕೈ ಹಿಡಿಯಲಾರದಷ್ಟು ತೆನೆ. ಎಲ್ಲದರ ಕಾಂಡವೂ ಓರೆಯಾಗಿ, ಕುಡುಗೋಲು ಹಾಕಿದ ಹಾಗೆ ಕತ್ತರಿಸಿತ್ತು. ಕೂಲಿ ಹೆಂಗಸೊಬ್ಬರು ಮೊರದಲ್ಲಿ ಕೇರಿ ನೋಡಿದರು, ಗಟ್ಟಿ ಕಾಳೇ ಜಾಸ್ತಿ. ನೋಡುತ್ತಾ ನಿಂತವರ ಹೊಟ್ಟೆ ಉರಿಯಿತು. ಅವತ್ತಿನಿಂದ ಯಾರನ್ನೂ ಒಪ್ಪಿಸುವ ಕೆಲಸವೇ ಉಳಿಯಲಿಲ್ಲ.

ಸಂಜೆ ಕಂಡ ಬಿಲಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚುತ್ತೇವೆ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ ಎಂದರ್ಥ. ಅದಕ್ಕಷ್ಟೇ ಎರಡು ದಿನ ಬರೀ ನುಚ್ಚಕ್ಕಿ, ಎಣ್ಣೆ ಕಲಸಿ ಇಡುತ್ತೇವೆ. ರುಚಿ ಹತ್ತಿದ ಮೇಲೆ ಎಲ್ಲ ಗದ್ದೆಯಲ್ಲೂ ಒಂದೇ ಸಂಜೆ ವಿಷ: 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್. ಹತ್ತು ಗ್ರಾಂ ಪೊಟ್ಟಣ ಕಟ್ಟಿ ಬಿಲದ ಒಳಕ್ಕೇ ತಳ್ಳಿ ಬಾಯಿ ಮುಚ್ಚಬೇಕು. ಸುಮ್ನೆ ಬದುವಿನ ಮೇಲೆ ಚೆಲ್ಲಿದರೆ ನಾಯಿ, ಕೋಳಿ, ನವಿಲು ಸಾಯುತ್ತವೆ. ಇದಕ್ಕೆ ಪ್ರತಿಮದ್ದಿಲ್ಲ, ತೇವ ತಾಗಿದರೆ ವಿಷಗಾಳಿ ಬಿಡುತ್ತದೆ. ಕೈಗವಸು ಹಾಕಿ, ಕೋಲಿನಲ್ಲಿ ಕಲಸಿ, ಮಕ್ಕಳನ್ನು ದೂರ ಇಡಿ. ಸತ್ತ ಇಲಿಗಳನ್ನು ಹುಡುಕಿ ಹೂಳುವುದನ್ನೂ ನಾವು ಪಾಳಿ ಹಾಕಿಕೊಂಡು ಮಾಡುತ್ತೇವೆ.

ಅದೇ ವಿಷವನ್ನು ತಕ್ಷಣ ಮತ್ತೆ ಇಟ್ಟರೆ ಉಳಿದ ಇಲಿ ಮೂಸಿಯೂ ನೋಡುವುದಿಲ್ಲ. ಹದಿನೈದು ದಿನ ಬಿಟ್ಟು ಬ್ರೋಮಡಿಯೋಲೋನ್ ಎಂಬ ಬೇರೆ ಇಲಿ ಮದ್ದಿನ ಬಿಲ್ಲೆ ಇಡುತ್ತೇವೆ. ಅದು ನಿಧಾನಕ್ಕೆ ಕೊಲ್ಲುವುದರಿಂದ ಇಲಿಗೆ ಅನುಮಾನ ಬರುವುದಿಲ್ಲ.

ಕಾಲುವೆ ದಂಡೆ, ರಸ್ತೆ ಪಕ್ಕ, ಸ್ಮಶಾನದ ಪೊದೆ ಯಾರ ಪಾಲಿಗೂ ಬರುವುದಿಲ್ಲ. ಇಲಿ ಬೇಸಿಗೆ ಕಳೆಯುವುದೇ ಅಲ್ಲಿ. ಅದಕ್ಕೆ ಮನೆಗೊಬ್ಬರಂತೆ ಹೋಗಿ ಪೊದೆ ಸವರಿ, ಅಲ್ಲಿನ ಬಿಲಗಳಿಗೂ ಮದ್ದು ಇಡುತ್ತೇವೆ. ಗೂಬೆ ಕೂರಲಿ ಎಂದು ಗದ್ದೆ ಮಧ್ಯೆ ಅಡ್ಡಪಟ್ಟಿ ಹೊಡೆದ ಗೂಟ ನೆಟ್ಟಿದ್ದೇವೆ. ಕೇರೆ ಹಾವನ್ನು ಯಾರೂ ಹೊಡೆಯಬಾರದೆಂದು ಮಾತಾಗಿದೆ.

ಇಲಿ ಪೂರ್ತಿ ಹೋಗಿಲ್ಲ. ಆದರೆ ಗದ್ದೆ ನಡುವೆ ಪೈರು ಬೋಳಾದ ಜಾಗ ಈಗ ಅಪರೂಪ. ಬರುವ ಬೇಸಿಗೆ ಬೆಳೆಗೆ ಕೆಳಗಿನ ತೂಬಿನವರೂ ಸೇರುತ್ತೇವೆ ಅಂದಿದ್ದಾರೆ. ಕಾಲುವೆಗೆ ನೀರು ಬಿಡುವ ಮುಂಚೆಯೇ ಎರಡೂ ತೂಬಿನವರು ಕೂತು ದಿನ ಗೊತ್ತು ಮಾಡಬೇಕು.